ಗಿಲಕಿ ಯಾರ ಕೈಯಲ್ಲಿದೆ? ಮೂರು ವರ್ಷದೊಳಗಿನ ಕೂಸು, ಆಟ ಮತ್ತು ಅಂಗನವಾಡಿಯ ಲೆಕ್ಕ

ಪೌಷ್ಟಿಕ ಆಹಾರದ ಪೊಟ್ಟಣ ಒಯ್ಯಲು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗನವಾಡಿಗೆ ಬರುವ ತಾಯಿ ಅಲ್ಲಿ ನಿಲ್ಲುವುದು ಹೆಚ್ಚೆಂದರೆ ಕಾಲು ಗಂಟೆ. ಮಗುವಿನ ತೂಕ, ಉದ್ದ ನೋಡುತ್ತಾರೆ, ಪೋಷಣ್ ಟ್ರ್ಯಾಕರ್ ಎಂಬ ದಾಖಲಾತಿ ಆ್ಯಪ್‌ಗೆ ಮುಖ ತೋರಿಸಬೇಕು, ಪೊಟ್ಟಣ ಕೈಗೆ ಬರುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅದೇ ಕೋಣೆಯಲ್ಲಿ ಚಾಪೆ, ಹಾಡು, ‘ಚಿಲಿಪಿಲಿ’ ಚಟುವಟಿಕೆಗಳಿವೆ. ಮೂರರೊಳಗಿನ ಕೂಸಿಗೆ ಇರುವುದು ತಕ್ಕಡಿ ಮತ್ತು ಪೊಟ್ಟಣ.

ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ವಿರೋಧಿಸಿದಾಗ ನಡೆದ ಚರ್ಚೆಯೆಲ್ಲ ಮೂರು ದಾಟಿದ ಮಕ್ಕಳದ್ದೇ. ಆ ಮಕ್ಕಳು ಯಾರ ಪಾಲು ಎಂಬ ಜಗಳದಲ್ಲಿ, ಇನ್ನೂ ಬಾಗಿಲ ಹೊಸ್ತಿಲು ದಾಟದ ಕೂಸುಗಳ ಮಾತು ಎಲ್ಲೂ ಬರಲಿಲ್ಲ. ಅದೇ ವರ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ‘ನವಚೇತನಾ’ ಎಂಬ ಚೌಕಟ್ಟನ್ನು ಹೊರತಂದಿತ್ತು. ಅದರಲ್ಲಿ 36 ತಿಂಗಳ ಕ್ಯಾಲೆಂಡರ್, 140 ಚಟುವಟಿಕೆಗಳಿವೆ. ಭಾಗಿಸಿ ನೋಡಿದರೆ ತಿಂಗಳಿಗೆ ನಾಲ್ಕು, ಅಂದರೆ ವಾರಕ್ಕೊಂದು ಹೊಸ ಆಟ. ಆದರೆ ಆ ಆಟವನ್ನು ತಾಯಿಗೆ ಕಲಿಸಲು ವಾರಕ್ಕೊಮ್ಮೆ ಆ ಮನೆಗೆ ಹೋಗುವವರು ಯಾರೂ ಇಲ್ಲ. ಆಶಾ ಕಾರ್ಯಕರ್ತೆಗೆ ಎಳೆಯ ಮಕ್ಕಳ ಮನೆಭೇಟಿ ಯೋಜನೆಯಡಿ ನಿಗದಿಯಾಗಿರುವುದು 3, 6, 9, 12 ಮತ್ತು 15ನೇ ತಿಂಗಳಲ್ಲಿ ಒಂದೊಂದರಂತೆ ಐದು ಭೇಟಿ. ಕ್ಯಾಲೆಂಡರ್ ವಾರದ್ದು, ಭೇಟಿ ಮೂರು ತಿಂಗಳದ್ದು. ಯೋಜನೆ ಸೋಲುವುದಿದ್ದರೆ ಸೋಲುವುದು ಈ ಅಂತರದಲ್ಲೇ.

ಹೀಗೆ ಖಚಿತವಾಗಿ ಹೇಳಲು ಆಧಾರವಿರುವುದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. 1986-87ರಲ್ಲಿ ಸಂಶೋಧಕಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಅಲ್ಲಿನ ಬಡ ಕೇರಿಗಳಿಂದ, ವಯಸ್ಸಿಗೆ ತಕ್ಕ ಎತ್ತರವಿಲ್ಲದ 129 ಮಕ್ಕಳನ್ನು ಆರಿಸಿದರು. ಎಲ್ಲರೂ 9ರಿಂದ 24 ತಿಂಗಳವರು. ಒಂದು ಗುಂಪಿಗೆ ವಾರಕ್ಕೊಂದು ಕೆ.ಜಿ. ಹಾಲಿನ ಪುಡಿಯ ಆಹಾರ, ಇನ್ನೊಂದಕ್ಕೆ ವಾರಕ್ಕೊಂದು ಗಂಟೆಯ ಆಟದ ಭೇಟಿ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎಂದಿನ ಆರೋಗ್ಯ ಸೇವೆ ಮಾತ್ರ. ಎರಡು ವರ್ಷ ಹೀಗೆ ನಡೆಯಿತು. ಮನೆಗೆ ಹೋದವರು ಮನಃಶಾಸ್ತ್ರಜ್ಞರಲ್ಲ, ನಮ್ಮ ಆಶಾ ಕಾರ್ಯಕರ್ತೆಯರಂಥ ಸಮುದಾಯದ ಆರೋಗ್ಯ ಸಹಾಯಕಿಯರು. ಒಯ್ದ ಆಟಿಕೆಗಳೂ ಮನೆಯ ಬಿಸಾಡುವ ವಸ್ತುಗಳಿಂದ ಮಾಡಿದವು. ಎರಡು ವರ್ಷ ಮುಗಿದಾಗ ಆಹಾರವೂ ಆಟವೂ ಬುದ್ಧಿ ಬೆಳವಣಿಗೆಗೆ ನೆರವಾದದ್ದು ಕಂಡಿತು. ವರ್ಷಗಳು ಕಳೆದಂತೆ ಆಹಾರದ ಲಾಭ ಕರಗಿತು, ಆಟದ್ದು ಉಳಿಯಿತು. ಆ ಮಕ್ಕಳಿಗೆ 22 ವರ್ಷವಾದಾಗ ಹುಡುಕಿ ಕೇಳಿದರೆ, ಆಟದ ಭೇಟಿ ಪಡೆದವರ ಗಳಿಕೆ ಪಡೆಯದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. 129 ಮಕ್ಕಳು ಸಣ್ಣ ಸಂಖ್ಯೆ. ಒಂದೇ ಊರಿನ ಫಲಿತಾಂಶವನ್ನು ಎಲ್ಲೆಡೆಗೂ ಹಚ್ಚಬಾರದು ಎಂಬುದು ನ್ಯಾಯವಾದ ತಕರಾರು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಕಿಂಗ್‌ಸ್ಟನ್‌ನಲ್ಲಿ ಆರಿಸಿದ್ದು ಇಂಥ ಮಕ್ಕಳನ್ನೇ.

ಅದೇ ಜಮೈಕಾದಿಂದ 1989ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮ ಯೋಜನೆ ರೂಪಿಸುವವರು ಓದಬೇಕಾದದ್ದು ಅದು. ಭೇಟಿಯ ಅಂತರ ಬದಲಾಯಿಸಿ ನೋಡಿದಾಗ, ತಿಂಗಳಿಗೊಮ್ಮೆ ಹೋದ ಮನೆಗಳ ಮಕ್ಕಳಿಗೆ ಲಾಭವೇ ಕಾಣಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೋದಲ್ಲಿ ಅಲ್ಪಸ್ವಲ್ಪ, ವಾರಕ್ಕೊಮ್ಮೆ ಹೋದಲ್ಲಿ ಸ್ಪಷ್ಟವಾಗಿ ಕಂಡಿತು. ಕಾರಣ ಊಹಿಸುವುದು ಕಷ್ಟವಲ್ಲ. ಹತ್ತು ತಿಂಗಳ ಕೂಸು ತಿಂಗಳೊಪ್ಪತ್ತಿನಲ್ಲಿ ಬೇರೆಯೇ ಮಗುವಾಗಿರುತ್ತದೆ. ಹೋದ ಸಲ ಹೇಳಿದ ಆಟ ಅದಕ್ಕೆ ಆಗಲೇ ಸಪ್ಪೆ. ತಾಯಿಗೂ ಒಂದು ಹೊಸ ರೂಢಿ ಕೈಗೆ ಹತ್ತುವ ಮೊದಲೇ ಕೇಳುವವರಿಲ್ಲದೆ ಬಿಟ್ಟುಹೋಗುತ್ತದೆ.

ಆ ಒಂದು ಗಂಟೆಯಲ್ಲಿ ಏನು ನಡೆಯುತ್ತದೆ? ಭೇಟಿಗೆ ಹೋದವಳು ಮೊದಲು ಮನೆಯವರ ಯೋಗಕ್ಷೇಮ ಕೇಳುತ್ತಾಳೆ. ಜ್ವರ, ಬಿತ್ತನೆ, ಮನೆಜಗಳ ಏನಿದ್ದರೂ ಕಿವಿಗೊಡಬೇಕು. ಇಲ್ಲದಿದ್ದರೆ ಉಳಿದದ್ದು ತಲೆಗೆ ಹೋಗುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಗುವಿನ ಕಣ್ಣಿನ ಮಟ್ಟಕ್ಕೆ ಕೂರುತ್ತಾಳೆ. ‘ಹೋದ ವಾರದ ಆಟ ಆಡಿ ತೋರಿಸಿ’ ಎಂದು ತಾಯಿಯನ್ನೇ ಕೇಳುತ್ತಾಳೆ. ಅಲ್ಲಿಂದಾಚೆಗೆ ಒಂದು ಹಾಡು, ಒಂದು ಹೊಸ ಆಟ, ಒಂದು ಮಾತಿನ ಚಟುವಟಿಕೆ. ಹೊಸ ಆಟಿಕೆಯನ್ನು ಮೊದಲು ಮಗುವಿನ ಕೈಗೆ ಕೊಟ್ಟು ಎರಡು ನಿಮಿಷ ಸುಮ್ಮನಿರಬೇಕು. ಅದು ಬಾಯಿಗಿಡುತ್ತದೆ, ನೆಲಕ್ಕೆ ಬಡಿಯುತ್ತದೆ, ಎಸೆಯುತ್ತದೆ. ಆಮೇಲೆ ಹೋದವಳು ಒಮ್ಮೆ ಮಾಡಿ ತೋರಿಸುತ್ತಾಳೆ, ಒಮ್ಮೆ ಮಾತ್ರ. ಕೂಡಲೇ ಆಟಿಕೆ ತಾಯಿಯ ಕೈಗೆ ಹೋಗಬೇಕು. ಕೊನೆಗೆ, ತಾಯಿ ಚೆನ್ನಾಗಿ ಮಾಡಿದ ಒಂದು ಸಂಗತಿಯನ್ನು ಹೆಸರಿಟ್ಟು ಹೇಳಬೇಕು. ‘ಚೆನ್ನಾಗಿ ಆಡಿಸಿದ್ರಿ’ ಎಂದರೆ ಸಾಲದು. ‘ಅವನು ಮುಚ್ಚಳ ಬೀಳಿಸಿದಾಗ ನೀವು ಎತ್ತಿಕೊಡದೆ ಕಾದ್ರಲ್ಲ, ಅದಕ್ಕೇ ಅವನು ತಾನೇ ಹುಡುಕಿದ’ ಎನ್ನಬೇಕು. ಹೊಸ ಆಟಿಕೆ ಬಿಟ್ಟು, ಹಳೆಯದನ್ನು ಪಡೆದು, ಈ ವಾರ ದಿನದ ಯಾವ ಹೊತ್ತಿನಲ್ಲಿ ಆಡಿಸುತ್ತೀರಿ ಎಂದು ಕೇಳಿಕೊಂಡು ಏಳಬೇಕು.

ಕೆಡುವುದು ಆಟಿಕೆ ತಾಯಿಯ ಕೈಗೆ ಹೋಗಬೇಕಾದ ನಡುವಿನ ಆ ಹೆಜ್ಜೆಯಲ್ಲಿ. ತರಬೇತಿ ಪಡೆದು ಬಂದ ಕಾರ್ಯಕರ್ತೆಗೆ ಮಕ್ಕಳನ್ನು ಆಡಿಸುವುದು ನೀರು ಕುಡಿದಷ್ಟು ಸಲೀಸು. ತಾಯಿಗೆ ಎದುರಿಗೆ ಮೇಡಂ ಕೂತಿದ್ದಾರೆಂಬ ಸಂಕೋಚ. ಹಾಗಾಗಿ ಗಿಲಕಿ ಮೇಡಂ ಕೈಯಲ್ಲೇ ಉಳಿಯುತ್ತದೆ, ಮಗು ಕೇಕೆ ಹಾಕಿ ನಗುತ್ತದೆ, ತಾಯಿ ಸೆರಗು ಸರಿಮಾಡಿಕೊಂಡು ನೋಡುತ್ತಾಳೆ. ನೋಡಿದವರಿಗೆ ಭೇಟಿ ಯಶಸ್ವಿ. ನಿಜವಾಗಿ ಕಲಿತದ್ದು ಒಂದೇ ಪಾಠ: ಮಕ್ಕಳನ್ನು ಆಡಿಸುವುದು ಓದಿದವರ ಕೆಲಸ. ವಾರದ ಇನ್ನುಳಿದ 167 ಗಂಟೆ ಮಗು ಇರುವುದು ತಾಯಿಯ ಜೊತೆ. ಆ ಗಂಟೆಗಳು ಬದಲಾಗದಿದ್ದರೆ ಭೇಟಿಯ ಒಂದು ಗಂಟೆ ನೀರಿನಲ್ಲಿ ಹೋಮ.

ಆಟಿಕೆಯ ವಿಚಾರದಲ್ಲಿ ಕಿಟ್ ಖರೀದಿಯ ಉತ್ಸಾಹ ಇಲಾಖೆಗಳಿಗೆ ಯಾವಾಗಲೂ ಹೆಚ್ಚು. ಕೊಂಡ ಕಿಟ್ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರುತ್ತದೆ, ಕಳೆದರೆ ಯಾರು ಲೆಕ್ಕ ಕೊಡಬೇಕೆಂಬ ಹೆದರಿಕೆಗೆ. ಮನೆಯಲ್ಲೇ ಮಾಡಿದ್ದು ಕಳೆದರೂ ನಷ್ಟವಿಲ್ಲ, ಇನ್ನೊಂದು ಮಾಡಬಹುದು. ಆದರೆ ಮಾಡುವಾಗ ಎಚ್ಚರ ಬೇಕು.

ಗಿಲಕಿಗೆ 200 ಮಿ.ಲೀ. ಅಳತೆಯ ಪ್ಲಾಸ್ಟಿಕ್ ಬಾಟಲಿ ಸರಿ. ಲೀಟರಿನದು ಆರು ತಿಂಗಳ ಮಗುವಿನ ಮುಷ್ಟಿಗೆ ಸಿಗುವುದಿಲ್ಲ. ತೊಳೆದು, ಒಳಗಿನ ತೇವ ಪೂರ್ತಿ ಆರಿದ ಮೇಲೆ ಎರಡು ಚಮಚ ರಾಗಿ ಹಾಕಿ. ತೇವ ಉಳಿದರೆ ವಾರದಲ್ಲಿ ಬೂಸಲು ಹಿಡಿಯುತ್ತದೆ, ಅರ್ಧದಷ್ಟು ತುಂಬಿದರೆ ಸದ್ದೇ ಬರುವುದಿಲ್ಲ. ಹುಣಸೆಬೀಜ, ಅವರೆಕಾಳು ಸದ್ದು ಜೋರಾಗಿ ಮಾಡುತ್ತವೆ ಎಂದು ಅವನ್ನು ಹಾಕುವವರಿದ್ದಾರೆ. ಮುಚ್ಚಳ ಬಿಚ್ಚಿದ ದಿನ ಅದೇ ಕಾಳು ಗಂಟಲಿಗೆ ಸಿಕ್ಕುತ್ತದೆ. ಮುಚ್ಚಳದ ಒಳಸುತ್ತಿಗೆ ಅಂಟು ಬಳಿದು ತಿರುಗಿಸಿ, ಮೇಲೆ ಟೇಪು ಸುತ್ತಬೇಕು. ಅಷ್ಟಾದರೂ ಹದಿನಾಲ್ಕು ತಿಂಗಳ ಮಗುವಿನ ಹಲ್ಲು ಟೇಪನ್ನು ಬಿಚ್ಚಬಲ್ಲದು, ಆದ್ದರಿಂದ ವಾರವಾರ ಪರೀಕ್ಷಿಸಬೇಕು.

ವರ್ಷ ದಾಟಿದ ಮಗುವಿಗೆ ಹಾಕುವ-ತೆಗೆಯುವ ಡಬ್ಬಿಯಂಥ ಆಟ ಇನ್ನೊಂದಿಲ್ಲ. ಹಾಲಿನ ಪುಡಿಯ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ಸೀಳು ಮಾಡಿ, ಅದರೊಳಗೆ ಮುಚ್ಚಳಗಳನ್ನು ತೂರಿಸುವುದು. ಇಲ್ಲಿ ಬಹಳ ಮಂದಿ ತಪ್ಪುತ್ತಾರೆ. ನೀರಿನ, ಸೋಡಾದ ಬಾಟಲಿ ಮುಚ್ಚಳ ಸುಮಾರು 3 ಸೆಂ.ಮೀ. ಅಗಲ. ಮೂರು ವರ್ಷದೊಳಗಿನ ಮಕ್ಕಳಿಗೆ ಉಸಿರು ಕಟ್ಟುವ ವಸ್ತುವೆಂದು ಪರಿಗಣಿಸುವ ಅಳತೆ ಸುಮಾರು 3.2 ಸೆಂ.ಮೀ. ಅಂದರೆ ಎಲ್ಲರೂ ಕೂಡಿಡುವ ಆ ಬಣ್ಣದ ಮುಚ್ಚಳಗಳೇ ಅಪಾಯದವು. ಉಪ್ಪಿನಕಾಯಿ, ಜಾಮ್ ಬಾಟಲಿಗಳ 5-6 ಸೆಂ.ಮೀ. ಮುಚ್ಚಳ ಬಳಸಿ. ಒಂದು ರಟ್ಟಿನಲ್ಲಿ 3.2 ಸೆಂ.ಮೀ. ಅಗಲದ ತೂತು ಕೊರೆದಿಟ್ಟುಕೊಂಡರೆ ಆಯಿತು; ಅದರಲ್ಲಿ ತೂರಿ ಹೋಗುವ ಯಾವುದೂ ಎಳೆಮಗುವಿನ ಕೈಗೆ ಬೇಡ. ಕಡಲೆಕಾಯಿ ಬೀಜಕ್ಕೂ ಇದೇ ಮಾತು, ತಿನ್ನಲಿಕ್ಕಾದರೂ ಆಡಲಿಕ್ಕಾದರೂ.

ಚಿತ್ರಪುಸ್ತಕಕ್ಕೆ ರಟ್ಟಿನ ಪೆಟ್ಟಿಗೆ ಕತ್ತರಿಸಿ ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದಾದ ಆರು ಹಾಳೆ, ಹಾಳೆಗೊಂದೇ ಚಿತ್ರ: ಹಸು, ಬಸ್ಸು, ಬಾಳೆಹಣ್ಣು, ಬಿಂದಿಗೆ, ಮಗು ನಿತ್ಯ ಕಾಣುವಂಥವು. ಪಿನ್ ಹೊಡೆಯದೆ ದಪ್ಪ ದಾರದಿಂದ ಹೊಲಿಯಿರಿ. ಮೈದಾ ಅಂಟು ಸಾಕು. ಜಿರಳೆ ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿಯೊಂದಿದೆ, ಅದು ವಿಷ. ಪುಸ್ತಕವನ್ನು ಓದುವ ಮೊದಲು ಚೀಪುವ ಮಕ್ಕಳಿಗೆ ಅದನ್ನು ಕೊಡಲೇಬಾರದು. ಬಟ್ಟೆಗೊಂಬೆಗೆ ಗುಂಡಿಯ ಕಣ್ಣು ಬೇಡ, ನೂಲಿನಲ್ಲಿ ಹೊಲಿದರೆ ಸಾಕು. ಅಡುಗೆಮನೆಯಲ್ಲಿ ಇನ್ನೂ ಉಳಿದಿದ್ದರೆ ಸೇರು, ಅಚ್ಚೇರು, ಪಾವು, ಚಟಾಕುಗಳು ಒಂದರೊಳಗೊಂದು ಕೂರುವ ಅಪ್ಪಟ ಆಟಿಕೆ. ಅಂಗಡಿಯಲ್ಲಿ ಇದರ ಪ್ಲಾಸ್ಟಿಕ್ ತಮ್ಮನಿಗೆ ನೂರಾರು ರೂಪಾಯಿ.

ಆಟಿಕೆ ಎಷ್ಟೇ ಚೆನ್ನಾಗಿದ್ದರೂ ಅದರ ಸುತ್ತ ಮಾತಿಲ್ಲದಿದ್ದರೆ ಕೆಲಸ ಅರ್ಧವೇ. ಎರಡು-ಮೂರು ತಿಂಗಳ ಕೂಸು ಚೆನ್ನಾಗಿ ಕಾಣುವುದು ಒಂದು ಗೇಣು, ಒಂದೂವರೆ ಗೇಣು ದೂರದ ಮುಖವನ್ನು. ಎಣ್ಣೆ ಹಚ್ಚುವ, ಹಾಲೂಡಿಸುವ ಹೊತ್ತು ಅದಕ್ಕೆ ಹೇಳಿ ಮಾಡಿಸಿದಂತಿದೆ. ಅದು ‘ಊಂ’ ಎಂದರೆ ತಾಯಿಯೂ ‘ಊಂ’ ಎಂದು ಕಾಯಬೇಕು, ಮನಸ್ಸಿನಲ್ಲಿ ಐದರವರೆಗೆ ಎಣಿಸುವಷ್ಟು. ಎಳೆಮಗುವಿಗೆ ಉತ್ತರ ಕೂಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು, ದೊಡ್ಡವರು ಮಾತ್ರ ಒಂದು ಕ್ಷಣವೂ ತಾಳುವುದಿಲ್ಲ. ಎಂಟು-ಒಂಬತ್ತು ತಿಂಗಳಿಗೆ ಚೆಂಡಿನ ಮೇಲೆ ಬಟ್ಟೆ ಮುಚ್ಚಿ ‘ಎಲ್ಲೋಯ್ತು?’ ಎಂದರೆ ಮಗು ಬಟ್ಟೆ ಎಳೆಯುತ್ತದೆ. ಕಣ್ಣಿಗೆ ಕಾಣದ್ದೂ ಇರುತ್ತದೆ ಎಂಬ ಅರಿವು ಮೂಡುವ ಕಾಲ ಅದು. ಮೊದಮೊದಲು ಅರ್ಧ ಮಾತ್ರ ಮುಚ್ಚಿ. ಪೂರ್ತಿ ಮುಚ್ಚಿದರೆ ಮಗು ಆಸೆ ಬಿಟ್ಟು ಬೇರೆ ಕಡೆ ತಿರುಗುತ್ತದೆ.

ಒಂದೂವರೆ ವರ್ಷದ ಹೊತ್ತಿಗೆ ತಾಯಂದಿರು, ವಿಶೇಷವಾಗಿ ಓದಿದ ತಾಯಂದಿರು, ಆಟವನ್ನು ಪರೀಕ್ಷೆ ಮಾಡಿಬಿಡುತ್ತಾರೆ. ‘ಇದೇನು ಹೇಳು? ಯಾವ ಬಣ್ಣ ಹೇಳು? ಮಾವನ ಮುಂದೆ ಹೇಳು!’ ತಿಳಿದಿದ್ದರೂ ಮಗು ಬಾಯಿ ಬಿಡುವುದಿಲ್ಲ. ಅದರ ಬದಲು ಮಗು ನೋಡುತ್ತಿರುವುದನ್ನೇ ಹಿಡಿದು ಮಾತಾಡಬೇಕು. ಅದು ಬೀದಿಗೆ ಬೆರಳು ತೋರಿಸಿ ‘ಬೌ’ ಎಂದರೆ, ‘ಹೂಂ ಚಿನ್ನಾ, ನಾಯಿ ಬಂತು. ಬಾಲ ಅಲ್ಲಾಡಿಸ್ತಿದೆ ನೋಡು’. ಮಗು ಒಂದು ಪದ ಕೊಟ್ಟಿತು, ತಾಯಿ ಅದಕ್ಕೆ ಎರಡು ಸೇರಿಸಿ ವಾಪಸು ಕೊಟ್ಟಳು. ಇಷ್ಟೇ ವಿದ್ಯೆ. ಇದು ನಡೆಯುವುದು ತಾಯಿಗೆ ಸಲೀಸಾದ ಭಾಷೆಯಲ್ಲಿ ಮಾತ್ರ: ಕನ್ನಡ, ತುಳು, ಲಂಬಾಣಿ, ಉರ್ದು ಯಾವುದೇ ಇರಲಿ. ‘ಬೇಬಿ ಕಮ್, ಸಿಟ್, ಮಿಲ್ಕ್ ಡ್ರಿಂಕ್’ ಎಂಬ ನಾಲ್ಕು ಅಪ್ಪಣೆಗಳ ಇಂಗ್ಲಿಷಿನಲ್ಲಿ ಬೆಳೆಯುವ ಮಗು ಇಂಗ್ಲಿಷನ್ನೂ ಕಲಿಯದು, ಬಾಲ ಅಲ್ಲಾಡಿಸುವ ನಾಯಿಯ ಮಾತೂ ಅದಕ್ಕೆ ಸಿಗದು. ಊಟಕ್ಕೆ ಮೊಬೈಲು ಹಿಡಿಸುವ ರೂಢಿಯೂ ದಿನಕ್ಕೆ ಮೂರು ಸಲ ಬರುವ ಇಂಥ ಮಾತಿನ ಹೊತ್ತನ್ನೇ ನುಂಗುತ್ತದೆ. ಎರಡು ವರ್ಷದವರೆಗೆ ಪರದೆ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಮಕ್ಕಳ ವೈದ್ಯರ ಸಲಹೆ.

‘ಇದಕ್ಕೆಲ್ಲ ಪುರುಸೊತ್ತೆಲ್ಲಿ?’ ಎಂಬ ಪ್ರಶ್ನೆ ಸೋಮಾರಿತನದ್ದಲ್ಲ. ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಏಳಕ್ಕೆ ಮನೆ ಸೇರುವವಳಿಗೆ, ಬೀಡಿ ಕಟ್ಟುತ್ತಾ ದಿನದ ಲೆಕ್ಕ ಮುಗಿಸಬೇಕಾದವಳಿಗೆ ‘ದಿನಾ ಅರ್ಧ ಗಂಟೆ ಆಡಿಸಿ’ ಎಂದರೆ ಅದು ಬೈಗುಳದಂತೆ ಕೇಳುತ್ತದೆ. ಆಟವನ್ನು ಇರುವ ಕೆಲಸದೊಳಗೇ ಸೇರಿಸಿ ಕೊಡುವುದು ಕಲಿಸುವವಳ ಜಾಣ್ಮೆ: ಸ್ನಾನದ ಚೊಂಬು, ಬಟ್ಟೆ ಮಡಚುವಾಗ ದೊಡ್ಡ ಅಂಗಿ-ಚಿಕ್ಕ ಅಂಗಿ ಬೇರ್ಪಡಿಸುವುದು, ಬಸ್ಸಿಗೆ ಕಾಯುವ ಹೊತ್ತು. ಹಗಲಿಡೀ ಮಗುವನ್ನು ನೋಡುವ ಅಜ್ಜಿಯನ್ನು ಭೇಟಿಯಲ್ಲಿ ಕೂರಿಸದಿದ್ದರೆ, ‘ಎತ್ತಿ ಎತ್ತಿ ಅಭ್ಯಾಸ ಮಾಡಿಸ್ಬೇಡ’ ಎಂಬ ಒಂದು ಮಾತಿನಲ್ಲಿ ವಾರದ ಪಾಠವೆಲ್ಲ ಅಳಿಸಿಹೋಗುತ್ತದೆ. ಉಪ್ಪುಮೂಟೆ, ಬೆರಳಾಟ, ಕಚಗುಳಿ ಎಲ್ಲ ಅಜ್ಜಿಗೇ ಚೆನ್ನಾಗಿ ಗೊತ್ತಿರುವುದು. ಅಲ್ಲಿಂದ ಶುರುಮಾಡಿದರೆ ಆಕೆಯೇ ಮುಂದಾಳು.

ಕಿಂಗ್‌ಸ್ಟನ್‌ನ ಮಾದರಿ ಹರಡಿದಲ್ಲೆಲ್ಲ ಫಲಿಸಿಲ್ಲ ಎಂಬುದನ್ನೂ ಹೇಳಬೇಕು. ಕೊಲಂಬಿಯಾದ 96 ಸಣ್ಣ ಪಟ್ಟಣಗಳಲ್ಲಿ ಸುಮಾರು 1,400 ಮಕ್ಕಳೊಂದಿಗೆ, ಊರಿನ ತಾಯಂದಿರನ್ನೇ ತರಬೇತಿಗೊಳಿಸಿ 18 ತಿಂಗಳು ವಾರದ ಭೇಟಿ ನಡೆಸಿದರು. ಮುಗಿದಾಗ ಬುದ್ಧಿಯಲ್ಲಿ, ಭಾಷೆಯಲ್ಲಿ ಏರಿಕೆ ಕಂಡಿತು. ಎರಡು ವರ್ಷ ಬಿಟ್ಟು ಅಳೆದರೆ ಅದು ಉಳಿದಿರಲಿಲ್ಲ. ಭೇಟಿ ನಿಂತೊಡನೆ ಮನೆಯ ಆಟವೂ ನಿಂತಿದ್ದರೆ ಹೀಗಾಗುವುದು ಸಹಜ. ಮೂರು ವರ್ಷ ತುಂಬಿದ ಮಗುವನ್ನು ಒಳ್ಳೆಯ ಅಂಗನವಾಡಿ ಕೈಗೆತ್ತಿಕೊಳ್ಳದಿದ್ದರೆ ಮೊದಲಿನ ದುಡಿಮೆ ಸೋರಿಹೋಗುತ್ತದೆ ಎಂಬ ಎಚ್ಚರಿಕೆ ಇದರಲ್ಲಿದೆ. ಎಲ್‌ಕೆಜಿ ಜಗಳಕ್ಕೂ ಮೂರರೊಳಗಿನ ಕೂಸಿಗೂ ಇರುವ ನಂಟು ಇದು.

ನಮಗೆ ಹೆಚ್ಚು ಹತ್ತಿರದ್ದು ಒಡಿಶಾ. ಕಟಕ್‌ನ ಕೊಳೆಗೇರಿಗಳಲ್ಲಿ ಮೊದಲು ಮನೆಭೇಟಿ ಫಲಿಸಿತು. ಆಮೇಲೆ 192 ಹಳ್ಳಿಗಳಲ್ಲಿ ಎರಡು ದಾರಿಯನ್ನು ಎದುರುಬದುರು ಇಟ್ಟು ನೋಡಿದರು: ಕೆಲವು ಹಳ್ಳಿಗಳಲ್ಲಿ ವಾರಕ್ಕೊಮ್ಮೆ ಮನೆಗೆ ಹೋಗುವುದು, ಕೆಲವು ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ಗುಂಪಾಗಿ ಕೂರಿಸುವುದು. ಮಕ್ಕಳ ಬುದ್ಧಿಯ ಬೆಳವಣಿಗೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಗುಂಪಿನ ಖರ್ಚು ಮಾತ್ರ ಬಹಳ ಕಡಿಮೆ.

ಕರ್ನಾಟಕದ ಅಂಗನವಾಡಿಗೆ ಈ ಲೆಕ್ಕ ಹಚ್ಚಿ ನೋಡಿ. 800 ಜನರ ಒಂದು ವ್ಯಾಪ್ತಿ. ಸಾವಿರಕ್ಕೆ ವರ್ಷಕ್ಕೆ 16-17 ಹೆರಿಗೆ ಎಂದುಕೊಂಡರೆ ಮೂರು ವರ್ಷದೊಳಗಿನ ಕೂಸುಗಳು ಸುಮಾರು 40. ಮನೆಗೊಂದು ಗಂಟೆಯಾದರೆ ವಾರಕ್ಕೆ 40 ಗಂಟೆ. ಸಂಜೆ ನಾಲ್ಕರವರೆಗೆ ಕೇಂದ್ರ ನಡೆಸುವ, ಸಮೀಕ್ಷೆ-ಚುನಾವಣೆ ಕೆಲಸಕ್ಕೂ ಕರೆಯಲ್ಪಡುವ ಒಬ್ಬ ಟೀಚರ್‌ಗೆ ಇದು ಆಗದ ಮಾತು. ಆಗುತ್ತದೆಂದು ನಟಿಸಿದರೆ ಬರುವುದು ಸುಳ್ಳು ದಾಖಲೆ. ಎಂಟು ತಾಯಂದಿರ ಐದು ಗುಂಪು ಮಾಡಿದರೆ ವಾರಕ್ಕೆ ಐದು ಗಂಟೆ. ಅದೂ ಈಗಿನ ಕೆಲಸದ ಮೇಲೆ ಹೊರಿಸುವಂಥದ್ದಲ್ಲ. ಇದಕ್ಕೆಂದೇ ಸಂಬಳ ಕೊಟ್ಟು ಇನ್ನೊಬ್ಬಳನ್ನು ನೇಮಿಸಬೇಕು. 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳ ರಾಜ್ಯದಲ್ಲಿ ಈ ಮಾತು ಬಂದೊಡನೆ ಹಣಕಾಸು ಇಲಾಖೆ ಕಣ್ಣು ಕೆಂಪಗೆ ಮಾಡುವುದು ಗೊತ್ತಿರುವುದೇ. ಹಾಗಿದ್ದರೆ ಕೆಲವು ತಾಲ್ಲೂಕುಗಳಲ್ಲಿ ಪೂರ್ತಿ ಮಾಡುವುದು, ಎಲ್ಲೆಡೆ ತಿಂಗಳಿಗೊಮ್ಮೆ ಮಾಡುವುದಕ್ಕಿಂತ ಮೇಲು. 1975ರಲ್ಲಿ ಇಡೀ ಅಂಗನವಾಡಿ ಯೋಜನೆ ನಮ್ಮಲ್ಲಿ ಶುರುವಾದದ್ದೂ ಟಿ. ನರಸೀಪುರ ಎಂಬ ಒಂದೇ ತಾಲ್ಲೂಕಿನಿಂದ.

ಗುಂಪು ಸೇರಿಸಲು ಜಾಗ, ನೆಪ ಎರಡೂ ಇವೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು, ಆರು ತಿಂಗಳವರೆಗಿನ ಮಗುವಿನ ತಾಯಂದಿರು ಮಧ್ಯಾಹ್ನದ ಊಟಕ್ಕೆ ಅಂಗನವಾಡಿಗೇ ಬರಬೇಕು. ಬಾಣಂತನಕ್ಕೆ ತವರಿಗೆ ಹೋದವರು, ದೂರದ ದೊಡ್ಡಿಯವರು ಬರುವುದಿಲ್ಲ, ನಿಜ. ಬಂದವರಿಗೆ ಊಟದ ಮುಂಚಿನ ಅರ್ಧ ಗಂಟೆ ಸಿಗುತ್ತದೆ. ಉದ್ಯೋಗ ಖಾತ್ರಿಗೆ ಹೋಗುವವರ ಮಕ್ಕಳಿಗೆ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆಗಳಿವೆ. ಗುಂಪಿನಲ್ಲಿ ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ಕೂಡಿಸಬೇಕು. ಎಂಟು ತಿಂಗಳದ್ದನ್ನೂ ಎರಡೂವರೆ ವರ್ಷದ್ದನ್ನೂ ಒಂದೇ ಚಾಪೆಯಲ್ಲಿ ಬಿಟ್ಟರೆ ದೊಡ್ಡದು ಕಿತ್ತುಕೊಳ್ಳುತ್ತದೆ, ಚಿಕ್ಕದು ಅಳುತ್ತದೆ, ಸಭೆ ಅಲ್ಲಿಗೆ ಮುಗಿಯಿತು. ತಾಯಿ-ಮಗುವಿನ ಪ್ರತಿ ಜೋಡಿಗೊಂದರಂತೆ ಆಟಿಕೆ ಬೇಕು. ಹಂಚಿಕೊಳ್ಳುವುದನ್ನು ಕಲಿಯಲಿ ಎನ್ನುವುದು ಈ ವಯಸ್ಸಿಗೆ ಅನ್ವಯಿಸದು.

ವಾರವಾರ ಒಂದೇ ಕಣ್ಣು ಮಗುವನ್ನು ನೋಡುವುದರಿಂದ ಇನ್ನೊಂದು ಲಾಭವಿದೆ. ವರ್ಷವಾದರೂ ‘ಬಾಬಾ, ಮಾಮಾ’ ಎಂದು ತೊದಲದ, ಹೆಸರು ಕರೆದರೆ ತಿರುಗದ, ಎರಡು ವರ್ಷಕ್ಕೂ ಎರಡು ಪದ ಜೋಡಿಸದ, ಬರುತ್ತಿದ್ದ ಮಾತನ್ನೇ ಕಳೆದುಕೊಂಡ ಮಗುವಿಗೆ ‘ನಮ್ಮ ಮಾವನೂ ತಡವಾಗಿಯೇ ಮಾತಾಡಿದ್ದು’ ಎಂಬ ಸಮಾಧಾನ ಹೇಳಿ ಕೂರಬಾರದು. ಮೊದಲು ಕಿವಿ ಪರೀಕ್ಷೆ ಆಗಬೇಕು. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕು. ಅಲ್ಲಿಯವರೆಗೆ ಕಾಯದೆ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೋ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಕಳಿಸಬಹುದು. ಅವಧಿಗೆ ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು ಮಾತ್ರ ಹೆರಿಗೆಗೆ ಕೊಟ್ಟಿದ್ದ ತಾರೀಕಿನಿಂದ ಎಣಿಸಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ್ದು ಎಂಟು ತಿಂಗಳಿಗೆ ಕೂರದಿದ್ದರೆ ಕೂಡಲೇ ಗಾಬರಿಯಾಗಬೇಕಿಲ್ಲ.

ಇಷ್ಟೆಲ್ಲ ನಡೆಯುತ್ತಿದೆಯೇ ಎಂದು ತಿಳಿಯಲು ಟ್ರ್ಯಾಕರ್‌ನಲ್ಲಿ ಇನ್ನೊಂದು ಕಾಲಂ ಸೇರಿಸುವುದು ಇಲಾಖೆಗೆ ಮೊದಲು ಹೊಳೆಯುವ ಉಪಾಯ. ಭೇಟಿಯ ಸಂಖ್ಯೆ ಅದರಲ್ಲಿ ತುಂಬುತ್ತದೆ, ಬೇರೇನೂ ತಿಳಿಯುವುದಿಲ್ಲ. ಮೇಲ್ವಿಚಾರಕಿ ತಿಂಗಳಿಗೆ ನಾಲ್ಕು ಭೇಟಿಗಳಲ್ಲಿ ಹತ್ತು ನಿಮಿಷ ಮೂಲೆಯಲ್ಲಿ ಕೂತು ಮೂರು ಸಂಗತಿ ಬರೆದುಕೊಂಡರೆ ಸಾಕು: ಆ ಹತ್ತರಲ್ಲಿ ಎಷ್ಟು ನಿಮಿಷ ಆಟಿಕೆ ತಾಯಿಯ ಅಥವಾ ಮಗುವಿನ ಕೈಯಲ್ಲಿತ್ತು, ಹೋದ ವಾರದ ಆಟವನ್ನು ತಾಯಿ ಯಾರೂ ನೆನಪಿಸದೆ ಆಡಿ ತೋರಿಸಿದಳೇ, ಮನೆಯಲ್ಲಿ ಬಿಟ್ಟ ಆಟಿಕೆ ಎಲ್ಲಿತ್ತು, ಹೇಗಿತ್ತು. ಮಸಿ ಹಿಡಿದಿದ್ದರೆ, ಅಂಚು ಕಚ್ಚಿದ್ದರೆ ಸರಿ. ಕೊಟ್ಟಾಗಿನ ಹಾಗೇ ಹೊಳೆಯುತ್ತಿದ್ದರೆ ವಾರವಿಡೀ ಅಟ್ಟದ ಮೇಲಿತ್ತೆಂದು ಲೆಕ್ಕ.